ಗಾಲಿ ಮೇಲಿನ ಮನೆಯಲ್ಲಿ ಎಳ್ಳ ಅಮಾವಾಸ್ಯೆಗೆ

ಎಳ್ಳ ಅಮಾವಾಸ್ಯೆಗೆ ತವರಿನ ಹೊಲ ನೋಡಬೇಕು ಅಂತ ಅತ್ತೆ ಹಟ ಹಿಡಿದಿದ್ದರು. ಅವರ ತವರು ಸೇಡಂ ಪಕ್ಕದ ಒಂದು ಸಣ್ಣ ಊರು. ದಾವಣಗೆರೆಗೆ ಸೊಸೆಯಾಗಿ ಬಂದು ನಲವತ್ತು ವರ್ಷ ದಾಟಿದೆ. ಮೊಣಕಾಲು ನೋವು, ಲಾಡ್ಜಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಅದಕ್ಕೆ ನಮ್ಮವರು ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದರು. ಟೆಂಪೋ ಟ್ರಾವೆಲರ್ ಒಳಗೆ ಎರಡು ಮಂಚ, ಗ್ಯಾಸ್ ಒಲೆ, ಸಿಂಕ್, ಮೂಲೆಯಲ್ಲಿ ಪುಟ್ಟ ಟಾಯ್ಲೆಟ್. ಟಾಯ್ಲೆಟ್ ಕೆಳಗೆ ಹೊಲಸು ಬೀಳುವ ಇಪ್ಪತ್ತು ಲೀಟರಿನ ಡಬ್ಬಿ. ಹೋಗುತ್ತಾ ಯಾದಗಿರಿ ಜಿಲ್ಲೆ, ಸನ್ನತಿ, ಚಿಂಚೋಳಿ ಕಾಡು ನೋಡಿಕೊಂಡು ಹೋಗೋಣ, ಎಲ್ಲಿ ಕತ್ತಲಾಗುತ್ತದೋ ಅಲ್ಲೇ ಮಲಗೋಣ ಅಂದುಕೊಂಡೆವು. ‘ಎಲ್ಲಿ ಬೇಕಾದರೂ ನಿಲ್ಲಿಸಬಹುದು’ ಅಂತ ಗಾಡಿ ಕೊಟ್ಟವರೂ ಹೇಳಿದ್ದರು.

ಮೊದಲ ದಿನ: ತಿಂಥಣಿ ಸೇತುವೆ, ಶಹಾಪುರದ ಕಣ

ನಸುಕಿನಲ್ಲಿ ಹೊರಟು ಹೊಸಪೇಟೆ, ಕುಷ್ಟಗಿ, ಲಿಂಗಸುಗೂರು ಅಂತ ಹೆಚ್ಚು ನಿಲ್ಲದೆ ಓಡಿದೆವು. ತಿಂಥಣಿ ಸೇತುವೆ ಮೇಲೆ ಕೃಷ್ಣೆ ಕಂಡ ತಕ್ಷಣ ಅತ್ತೆ ನಾಣ್ಯ ಕೇಳಿ ಇಸಿದುಕೊಂಡು ನದಿಗೆ ಹಾಕಿ ಕೈ ಮುಗಿದರು. ದಂಡೆಯಲ್ಲಿ ಮೌನೇಶ್ವರನ ಗುಡಿ. ನದಿ ದಾಟಿದರೆ ಯಾದಗಿರಿ ಜಿಲ್ಲೆ. ಅಲ್ಲಿಂದ ಅತ್ತೆಯ ಮಾತೇ ಬದಲಾಯಿತು. ‘ಇದೆ’ ಹೋಗಿ ‘ಅದ’ ಬಂತು, ‘ಸ್ವಲ್ಪ’ ಹೋಗಿ ‘ಥೋಡೆ’ ಬಂತು. ಮಗ ಕಣ್ಣರಳಿಸಿ ಅಜ್ಜಿಯನ್ನೇ ನೋಡುತ್ತಿದ್ದ.

ಸುರಪುರದಲ್ಲಿ ಸುಸಲಾ, ಮಿರ್ಚಿ ಭಜಿ. ಬಿಸಿ ಮಿರ್ಚಿಯನ್ನು ಮಂಡಕ್ಕಿ ಜೊತೆ ಕಲಸಿ ತಿನ್ನಬೇಕು, ಬೇರೆ ಬೇರೆ ತಿನ್ನಬಾರದು ಅಂತ ಅತ್ತೆಯ ಅಪ್ಪಣೆಯಾಯಿತು. ದಾರಿಯ ಎರಡೂ ಬದಿ ಹತ್ತಿ ಬಿಡಿಸುವವರು, ಒಣಗಲು ಹರವಿದ ಕೆಂಪು ಮೆಣಸಿನಕಾಯಿ. ಶಹಾಪುರ ಹತ್ತಿರ ಬರುವಾಗ ಹೊತ್ತು ಇಳಿದಿತ್ತು. ಬುದ್ಧ ಮಲಗಿದ ಬೆಟ್ಟ ಅಂತ ಕೇಳಿದ್ದೆ, ಅಂದು ಕಂಡೆ. ಸಾಲು ಗುಡ್ಡಗಳು ಒಂದಕ್ಕೊಂದು ಕೂಡಿ ಹಣೆ, ಮೂಗು, ಗದ್ದ, ಎದೆ, ಎಲ್ಲಾ ಸ್ಪಷ್ಟ. ಅಂಗಾತ ಮಲಗಿದ ಮನುಷ್ಯನೇ. ಬೆಳಿಗ್ಗೆಯೂ ಇದನ್ನು ನೋಡಬೇಕು ಅಂತ ಹೆದ್ದಾರಿ ಬಿಟ್ಟು ಒಂದು ಹೊಲದ ದಾರಿಗೆ ಇಳಿದೆವು. ಬೇಲಿ ಇಲ್ಲದ, ಸಮತಟ್ಟಾದ, ಗುಡಿಸಿಟ್ಟ ಹಾಗಿದ್ದ ಒಂದು ಬಯಲು ಸಿಕ್ಕಿತು. ಸುತ್ತ ಒಂದು ಮನೆಯೂ ಇಲ್ಲ. ಅತ್ತೆ ಅಷ್ಟೊತ್ತಿಗೆ ನಿದ್ದೆ ಹೋಗಿದ್ದರು. ಅನ್ನ, ತಿಳಿಸಾರು ಮಾಡಿ ಉಂಡೆವು. ಪಾತ್ರೆ ತೊಳೆದ ನೀರು ಸಿಂಕಿನ ಕೊಳವೆಯಿಂದ ನೆಲಕ್ಕೆ ಇಳಿದು ಹೋಯಿತು. ನಾನು ಅದರ ಬಗ್ಗೆ ಯೋಚಿಸಲೂ ಇಲ್ಲ.

ಐದೂವರೆಗೆ ಬಾಗಿಲು ತಟ್ಟಿದ ಸದ್ದು. ಹೊರಗೆ ಕೊರೆಯುವ ಚಳಿ, ಪೂರ್ವದಲ್ಲಿ ಎಳೆಯಷ್ಟು ಚಂದ್ರ. ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬರು ನಿಂತಿದ್ದರು.

“ಅಣ್ಣಾರ, ಗಾಡಿ ಥೋಡೆ ತೆಗೀರಿ. ರಾಶಿ ಮಷಿನ್ ಬರ್ತದ.”

ನಾವು ಮಲಗಿದ್ದು ಅವರ ಕಣದಲ್ಲಿ. ಪಕ್ಕದ ಹೊಲದಲ್ಲಿ ಕೊಯ್ದ ತೊಗರಿ ಒಟ್ಟಿದ್ದರು. ಅದನ್ನು ಅಂದು ಅಲ್ಲೇ ರಾಶಿ ಮಾಡಬೇಕಿತ್ತು. ನಮ್ಮವರು ಕ್ಷಮೆ ಕೇಳಿದರು. “ರಾತ್ರಿನೇ ನೋಡಿದ್ದೆರಿ. ಒಳಗ ಸಣ್ಣ ಹುಡುಗ ಅದಾನ ಅಂತ ಎಬ್ಬಿಸಲಿಲ್ಲ” ಅಂದರು ಅವರು. ಆದರೆ ಅವರ ಹೆಂಡತಿ ಗಾಡಿಯ ಕೆಳಗೆ ಬ್ಯಾಟರಿ ಬಿಟ್ಟು ನೋಡುತ್ತಿದ್ದರು. ಸಗಣಿ ಸಾರಿಸಿದ ನೆಲದ ಮೇಲೆ ಸೋಪಿನ ನೀರು ಹರಿದು ಕಲೆಯಾಗಿತ್ತು, ಮೇಲೆ ನಾಲ್ಕು ಅನ್ನದ ಅಗುಳು.

“ಕಣದಾಗ ನಾವು ಚಪ್ಪಲಿ ಸುದ್ದಾ ಹಾಕ್ಕೊಳಂಗಿಲ್ಲ. ನೀವು ಮುಸುರಿ ನೀರು ಚೆಲ್ಲೀರಿ.”

ಅವರು ಜೋರು ಮಾಡಲಿಲ್ಲ. ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಅಷ್ಟರಲ್ಲಿ ಅತ್ತೆ ಎದ್ದು, ಚಪ್ಪಲಿ ಒಳಗೇ ಬಿಟ್ಟು, ಬರಿಗಾಲಲ್ಲಿ ಇಳಿದರು. ಏನೂ ಮಾತಾಡದೆ ಮೂಲೆಯ ಬುಟ್ಟಿಯಿಂದ ಸಗಣಿ ತೆಗೆದುಕೊಂಡು ಆ ಹೆಣ್ಣುಮಗಳ ಜೊತೆ ಕೂತು ಆ ಜಾಗ ಸಾರಿಸತೊಡಗಿದರು. ನಾನೂ ಕೂತೆ. ಡಿಸೆಂಬರ್, ಜನವರಿಯಲ್ಲಿ ಈ ಕಡೆ ನುಣ್ಣಗೆ ಗುಡಿಸಿದ ಬಯಲು ಕಂಡರೆ ಅದು ಖಾಲಿ ಜಾಗ ಅಲ್ಲ, ಯಾರದೋ ವರ್ಷದ ದುಡಿಮೆ ಬಂದು ಬೀಳುವ ಜಾಗ. ಇದು ನನಗೆ ಆ ಬೆಳಿಗ್ಗೆ ತಿಳಿಯಿತು.

ಎರಡನೇ ದಿನ: ಕನಗನಹಳ್ಳಿ, ಸನ್ನತಿ

ಯಾದಗಿರಿಯಲ್ಲಿ ಮೊದಲು ಒಂದು ಮುಚ್ಚಳದ ಬಕೆಟ್ ಮತ್ತು ಒಂದು ಮೊಳ ರಬ್ಬರ್ ಪೈಪು ಕೊಂಡೆವು. ಸಿಂಕಿನ ಕೊಳವೆಗೆ ಪೈಪು ಸಿಕ್ಕಿಸಿ ಬಕೆಟ್ ಇಟ್ಟೆವು. ನೂರೈವತ್ತು ರೂಪಾಯಿ ಒಳಗೇ ಮುಗಿಯಿತು. ಇಂಥ ಗಾಡಿ ತೆಗೆದುಕೊಳ್ಳುವವರು ಮನೆಯಿಂದಲೇ ಇದನ್ನು ಒಯ್ದರೆ ಒಳ್ಳೆಯದು.

ನಾಲವಾರ ದಾಟಿ ಭೀಮಾ ದಂಡೆಯ ಕನಗನಹಳ್ಳಿಗೆ ಹೋದೆವು. ಪುರಾತತ್ವ ಇಲಾಖೆ 1990ರ ದಶಕದಲ್ಲಿ ಇಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅಶೋಕ ತನ್ನ ರಾಣಿ, ಸೇವಕಿಯರ ಜೊತೆ ನಿಂತ ಶಿಲ್ಪ, ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಸೋಕೊ’ ಅಂತ ಹೆಸರು. ಬಹಳ ವರ್ಷ ಈ ಶಿಲ್ಪಗಳು ಬಯಲಿನಲ್ಲೇ ಮಲಗಿದ್ದವು. ಪಕ್ಕದ ಸನ್ನತಿಯ ಕಥೆ ಇನ್ನೂ ವಿಚಿತ್ರ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಕೆಳಗಿದ್ದ ಪೀಠದ ಕಲ್ಲು ನೋಡಿದರೆ ಅದರ ಮೇಲೆ ಅಶೋಕನ ಶಾಸನ! ಎಷ್ಟೋ ಶತಮಾನ ಜನ ಅದರ ಮುಂದೆ ಕೈ ಮುಗಿದಿದ್ದರು, ಓದಿರಲಿಲ್ಲ.

ಈ ಸಲ ಕತ್ತಲಾಗುವ ಮೊದಲೇ ಗುಡಿಯ ಹತ್ತಿರ ಹೋಗಿ ಕೇಳಿದೆವು. ಅತ್ತೆ ಮುಂದೆ, ನಾವು ಹಿಂದೆ. ಗುಡಿಯವರು ಮೊದಲು ಕೇಳಿದ್ದು ನಮ್ಮ ಊರು, ಆಮೇಲೆ ಅತ್ತೆಯ ತವರು. ತವರಿನ ಹೆಸರು ಕೇಳಿದ ಮೇಲೆ ಮುಖ ಸಡಿಲಾಯಿತು. “ಗಾಡಿ ಆ ಬೇವಿನ ಗಿಡದ ಕೆಳಗ ಹಚ್ಚರಿ. ಹೊಳಿ ಕಡಿ ಬ್ಯಾಡ, ಮುಂಜಾನೆ ಜನ ಸ್ನಾನಕ್ಕ ಬರ್ತಾರ. ಸಂಡಾಸಕ್ಕ ಗುಡಿ ಹಿಂದ ವ್ಯವಸ್ಥಾ ಅದ.” ನಮ್ಮ ಡಬ್ಬಿ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಬೆಳಿಗ್ಗೆ ಹುಂಡಿಗೆ ಇನ್ನೂರು ರೂಪಾಯಿ ಹಾಕಿದೆವು. ಯಾರೂ ಕೇಳಿರಲಿಲ್ಲ.

ರಾತ್ರಿ ಬೇವಿನ ಮರದ ಕೆಳಗೆ ಕೂತು ಅತ್ತೆ ಹಳೆಯದನ್ನು ಹೇಳಿದರು. ಸಣ್ಣವರಿದ್ದಾಗ ಮನೆಮಂದಿ ಎಲ್ಲಾ ಬಂಡಿ ಕಟ್ಟಿಕೊಂಡು ಗಾಣಗಾಪುರಕ್ಕೆ ಹೋಗುತ್ತಿದ್ದರಂತೆ. ಬಂಡಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಎತ್ತಿಗೆ ಮೇವು. ದಾರಿಯಲ್ಲಿ ಮೂರು ರಾತ್ರಿ ಬಂಡಿ ಕೆಳಗೇ ನಿದ್ದೆ. ನನಗೆ ಆಶ್ಚರ್ಯವಾಯಿತು. ಹಾಗಾದರೆ ಗಾಡಿಯಲ್ಲಿ ಮಲಗುವವರು ಈ ನೆಲಕ್ಕೆ ಹೊಸಬರೇನಲ್ಲ, ಅಲ್ವಾ?

“ಆಗ ಯಾರೂ ಬೈತಿರಲಿಲ್ವಾ?” ಅಂತ ಕೇಳಿದೆ.

“ಯಾಕ ಬೈತಾರ? ಊರಾಗ ಬಂಡಿ ಬಿಟ್ಟ ಕೂಡಲೇ ಅಪ್ಪ ಗೌಡರ ಮನಿಗೆ ಹೋಗಿ ಹೇಳಿ ಬರ್ತಿದ್ದ. ಅದೇ ಊರಾಗ ಮೇವು ಕೊಳ್ತಿದ್ದ. ಎತ್ತಿನ ಸಗಣಿ ಅಲ್ಲೇ ಬಿಟ್ಟು ಹೋದ್ರ ಅವರಿಗೇ ಗೊಬ್ಬರ.”

ಗಾಳಿಗೆ ಹೊಳೆಯ ತಂಪು. ಮಗ ನಕ್ಷತ್ರ ಎಣಿಸುತ್ತಾ ನಿದ್ದೆ ಹೋದ.

ಮೂರನೇ ದಿನ: ಮಳಖೇಡದಿಂದ ಚಿಂಚೋಳಿಗೆ

ಚಿತ್ತಾಪುರ ದಾಟಿ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ್ದು 9ನೇ ಶತಮಾನದಲ್ಲಿ. ಕಾಗಿಣಾ ದಂಡೆಯ ಕೋಟೆಯೊಳಗೆ ಈಗ ಊರಿದೆ. ಕೋಟೆ ಗೋಡೆಗೆ ಎಮ್ಮೆ ಕಟ್ಟಿದ್ದರು. ಮಗನ ಕನ್ನಡ ಪುಸ್ತಕದಲ್ಲಿ ಬರುವ ಊರು ಅಂತ ಅವನು ಒಂದು ಕಲ್ಲಿನ ಮೇಲೆ ಕೂತು ಫೋಟೋ ತೆಗೆಸಿಕೊಂಡ. ಒಂದು ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ತೊಗರಿ ಬೇಳೆ. ಈ ಸೀಮೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬರೀ ಉಪ್ಪು, ಅರಿಶಿನ, ಬೆಳ್ಳುಳ್ಳಿ ಹಾಕಿದ ಬೇಳೆಗೇ ಅಷ್ಟು ರುಚಿ.

ಸೇಡಂ ಮೇಲೆ ಹಾದು ಹೋದರೂ ನಿಲ್ಲಲಿಲ್ಲ. ಹಬ್ಬ ನಾಳೆ. ಚಿಂಚೋಳಿ ಹತ್ತಿರವಾದಂತೆ ಕರಿಮಣ್ಣು ಮುಗಿದು ಕೆಂಪು ನೆಲ, ಏರು, ಕುರುಚಲು ಕಾಡು. ಕಲಬುರಗಿ ಜಿಲ್ಲೆಯಲ್ಲಿ ಕಾಡು ಇದೆ ಅಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ಸುಮಾರು 135 ಚದರ ಕಿಲೋಮೀಟರಿನ ಈ ಕಾಡು 2011ರಿಂದ ವನ್ಯಜೀವಿಧಾಮ. ಎತ್ತಿಪೋತ ಜಲಪಾತದಲ್ಲಿ ನೀರು ಸಣ್ಣಗಾಗಿತ್ತು, ಆದರೂ ಬಂಡೆಗಳ ನಡುವೆ ತಂಪು. ಚಂದ್ರಂಪಳ್ಳಿ ಕೆರೆಯ ಮೇಲೆ ಸಂಜೆ ಬಿಸಿಲು ಬಿದ್ದಾಗ ಇಲ್ಲೇ ರಾತ್ರಿ ಕಳೆಯಬೇಕು ಅನ್ನಿಸಿತು. ಅರಣ್ಯದ ಗಾರ್ಡ್ ಬಂದು ಒಂದೇ ಮಾತಿನಲ್ಲಿ ಹೇಳಿದರು: ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ರಾತ್ರಿ ನಿಲ್ಲುವಂತಿಲ್ಲ. ಅವರು ಹೇಳಿದ್ದು ಸರಿ. ಒಳಗೆ ಉಳಿಯುವ ಆಸೆ ಇದ್ದವರು ಮೊದಲೇ ಇಲಾಖೆಯನ್ನು ಕೇಳಿ, ಅವರ ವಸತಿಯಲ್ಲೇ ಉಳಿಯಬೇಕು.

ಕಾಡು ದಾಟಿ ಮೊದಲ ಊರಿಗೆ ಬಂದಾಗ ಏಳು ಗಂಟೆ. ರಸ್ತೆ ಬದಿ ಒಂದು ಚಹಾದ ಹೋಟೆಲ್, ಎದುರಿಗೆ ಹುಲ್ಲಿನ ಬಯಲು. ಸನ್ನತಿಯ ಹಾಗೆ ಇಲ್ಲೂ ಕೇಳಿದರಾಯಿತು ಅಂತ ಧೈರ್ಯದಿಂದ ಇಳಿದೆವು. ಐದು ನಿಮಿಷದಲ್ಲಿ ಹತ್ತು ಜನ ಸೇರಿದರು.

“ಗಾಯರಾಣದಾಗ ಬ್ಯಾಡ್ರಿ” ಅಂದರು ಒಬ್ಬರು. ಊರ ದನ ಮೇಯುವ ಜಮೀನಿಗೆ ಇಲ್ಲಿ ಗಾಯರಾಣ ಅನ್ನುತ್ತಾರೆ. ಒಂದೇ ರಾತ್ರಿ, ಬೆಳಿಗ್ಗೆ ಹೊರಡುತ್ತೇವೆ ಅಂದೆವು. ರಾತ್ರಿ ಕಾಡುಹಂದಿ ಬರುತ್ತವೆ ಅಂದರು. ಗಾಡಿಯೊಳಗೇ ಇರುತ್ತೇವೆ ಅಂದೆವು. ಒಬ್ಬ ಹುಡುಗ ಮಾತು ಬಿಟ್ಟು “ಬರ್ರಿ, ತೋರಿಸ್ತೀನಿ” ಅಂತ ನಮ್ಮವರನ್ನು ಕರೆದುಕೊಂಡು ಹೊರಟ. ನಾನೂ ಹಿಂದೆ ಹೋದೆ. ಬಯಲಿನ ಆಚೆ ಒಂದು ಸಣ್ಣ ಹಳ್ಳ, ಮಡುವಿನಲ್ಲಿ ಮೊಣಕಾಲು ನೀರು.

ದಸರಾ ರಜೆಯಲ್ಲಿ ನಮ್ಮದಕ್ಕಿಂತ ದೊಡ್ಡ ಗಾಡಿ ಬಂದು ಮೂರು ದಿನ ಅಲ್ಲಿ ನಿಂತಿತ್ತಂತೆ. ಹೋಗುವ ದಿನ ಟಾಯ್ಲೆಟ್ಟಿನ ಡಬ್ಬಿಯನ್ನು ಈ ಮಡುವಿಗೇ ಸುರಿದು ಹೋದರಂತೆ. “ನೀಲಿ ನೀರು ಇತ್ತರಿ. ಹತ್ತು ದಿನ ದನ ಇಲ್ಲಿ ಬಾಯಿ ಇಡಲಿಲ್ಲ. ಎರಡು ಕಿಲೋಮೀಟರ್ ದೂರ ಹೊಡಕೊಂಡು ಹೋಗಿ ಕುಡಿಸಿದ್ವಿ.”

ಆ ನೀಲಿ ನೀರು ಏನು ಅಂತ ನನಗೆ ಗೊತ್ತಿತ್ತು. ನಮ್ಮ ಗಾಡಿಯಲ್ಲೂ ಅದರ ಒಂದು ಬಾಟಲಿ ಇತ್ತು. ವಾಸನೆ ಬರದಿರಲಿ ಅಂತ ಡಬ್ಬಿಗೆ ಹಾಕುವ ದ್ರವ. ಇಂಥ ಕೆಲವು ದ್ರವಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಹೊಲಸನ್ನು ಕೊಳೆಸುವ ಸೂಕ್ಷ್ಮಜೀವಿಗಳನ್ನೇ ಅದು ಕೊಲ್ಲುತ್ತದೆ. ಹಳ್ಳಕ್ಕೆ ಬಿದ್ದರೆ ಏನಾಗಬಹುದು, ನೀವೇ ಯೋಚಿಸಿ.

ವಾಪಸ್ ಬಂದಾಗ ಹೋಟೆಲಿನವರು ಇನ್ನೊಂದು ಲೆಕ್ಕ ಹೇಳಿದರು. ಕಾರಿನಲ್ಲಿ ಬರುವವರು ಊಟ ಮಾಡುತ್ತಾರೆ, ಕೆಲವರು ಚಿಂಚೋಳಿಯಲ್ಲಿ ರೂಮು ಹಿಡಿಯುತ್ತಾರೆ. “ನೀವು ಅಕ್ಕಿ, ಬ್ಯಾಳಿ, ಗ್ಯಾಸ್ ಎಲ್ಲಾ ಊರಿಂದ ತಂದೀರಿ. ನಮಗೇನು ಬಿಟ್ಟು ಹೋಗ್ತೀರಿ? ಕಸ ಅಷ್ಟೇ.” ನಾವು ಅಷ್ಟೊತ್ತಿಗೆ ಅವರಲ್ಲಿ ಕೊಂಡದ್ದು ಮೂರು ಕಪ್ ಚಹಾ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ನಿಜವಾದ ಕಾರಣ ಬೇರೆಯೇ ಇತ್ತು. ಗಂಡಸರು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಒಬ್ಬ ವಯಸ್ಸಾದ ಅಮ್ಮ ಗಾಡಿಯ ಬಾಗಿಲಿಗೆ ಬಂದು ಅತ್ತೆಯ ಕೈ ಹಿಡಿದುಕೊಂಡು ಸಣ್ಣ ದನಿಯಲ್ಲಿ ಹೇಳಿದರು: “ಯಕ್ಕಾ, ತಪ್ಪು ತಿಳಕೋಬ್ಯಾಡ. ಎಲ್ಲರ ಮನ್ಯಾಗ ಸಂಡಾಸ ಇಲ್ಲ, ಇದ್ದಲ್ಲಿ ನೀರಿಲ್ಲ. ಹೊತ್ತು ಮುಳುಗಿದ ಮ್ಯಾಲ ಹೆಣ್ಮಕ್ಕಳು ಆ ಕಡಿನೇ ಹೋಗಬೇಕು. ಗಾಡಿ ನಿಂತ್ರ, ಲೈಟ್ ಹತ್ತಿದ್ರ, ಹ್ಯಾಂಗ ಹೋಗ್ತಾರ? ಆ ಮೂರು ದಿನ ನಮ್ಮ ಹುಡುಗ್ಯಾರು ಊಟ ಬಿಟ್ಟಿದ್ರು.”

ಇದನ್ನು ಬರೆಯಲೋ ಬೇಡವೋ ಅಂತ ಬಹಳ ಯೋಚಿಸಿದೆ. ಬರೆಯಲೇಬೇಕು ಅನ್ನಿಸಿತು. ಟಾಯ್ಲೆಟ್ ಜೊತೆಗೆ ಹೊತ್ತುಕೊಂಡು ತಿರುಗುವ ನಾವು, ಅದು ಇಲ್ಲದ ಹೆಣ್ಣುಮಕ್ಕಳಿಗೆ ಇದ್ದ ಒಂದೇ ಮರೆಯನ್ನು ಕಿತ್ತುಕೊಂಡು ನಿಲ್ಲುತ್ತೇವೆ. ಗೂಡಂಗಡಿ, ಮನೆ, ಬೇಲಿ ಏನೂ ಇಲ್ಲದ ಕತ್ತಲೆ ಜಾಗ ನಮಗೆ ಚಂದ ಕಾಣುತ್ತದೆ. ಅದು ಯಾಕೆ ಹಾಗೆ ಖಾಲಿ ಇದೆ ಅಂತ ನಾವು ಕೇಳುವುದೇ ಇಲ್ಲ.

ಅತ್ತೆ “ಹೊರಡು” ಅಂದರು. ಹೊರಟೆವು.

ಚಿಂಚೋಳಿ ಕಡೆ ಒಂದು ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ತುಂಬಿಸಿ, ಲಾರಿಗಳ ಸಾಲಿನಲ್ಲಿ ನಿಲ್ಲಬಹುದಾ ಅಂತ ಕೇಳಿದೆವು. ಬಂಕಿನ ಹುಡುಗ ಯಾವ ಪ್ರಶ್ನೆಯೂ ಇಲ್ಲದೆ ಹೂಂ ಅಂದ. ಬಕೆಟ್ಟಿನ ನೀರನ್ನು ಅಲ್ಲಿಯ ಬಚ್ಚಲಿಗೆ ಚೆಲ್ಲಲು ಬಿಟ್ಟ. ಡಬ್ಬಿ ಖಾಲಿ ಮಾಡುತ್ತೇವೆ ಅಂದಾಗ ಮಾತ್ರ ಬೇಡ ಅಂದ. ಎಂಜಿನ್ ಸದ್ದು, ಹಾರ್ನ್, ರಾತ್ರಿಯಿಡೀ ಬೆಳಕು. ಆದರೂ ಯಾರಿಗೂ ಅಡ್ಡವಾಗಿಲ್ಲ ಅನ್ನುವ ಸಮಾಧಾನ ಇತ್ತು.

ನಿದ್ದೆ ಬಾರದೆ ನನ್ನ ತಮ್ಮನಿಗೆ ಫೋನ್ ಮಾಡಿದೆ. ಅವನು ಇರುವುದು ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನಲ್ಲಿ. ನಮ್ಮ ಕಥೆ ಕೇಳಿ, “ಅಕ್ಕಾ, ಇಲ್ಲೂ ಇದೇ ಜಗಳ” ಅಂದ. ಅವನ ಊರಿನಿಂದ ಹೊರಟು ಉತ್ತರದ ಕಡಲಂಚು ಸುತ್ತಿ ಅಲ್ಲಿಗೇ ಬರುವ ಸುಮಾರು 830 ಕಿಲೋಮೀಟರ್ ದಾರಿಗೆ 2015ರಲ್ಲಿ ‘ನಾರ್ತ್ ಕೋಸ್ಟ್ 500’ ಅಂತ ಹೆಸರಿಟ್ಟು ಪ್ರಚಾರ ಮಾಡಿದರು. ಮೋಟಾರ್‌ಹೋಮ್‌ಗಳು ಮುತ್ತಿಕೊಂಡವು. ಒಂದೇ ಗಾಡಿ ಹಿಡಿಸುವ ರಸ್ತೆಗಳಲ್ಲಿ ಎದುರು ಗಾಡಿಗೆ ದಾರಿ ಬಿಡಲು ಅಲ್ಲಲ್ಲಿ ಅಗಲ ಜಾಗ ಇರುತ್ತದೆ. ಕೆಲವರು ರಾತ್ರಿ ಅಲ್ಲೇ ಮಲಗುತ್ತಾರೆ, ಡಬ್ಬಿಯನ್ನು ಬದಿಗೆ ಸುರಿಯುತ್ತಾರೆ. ಅಲ್ಲಿಯ 2003ರ ಕಾಯ್ದೆ ಪ್ರಕಾರ ಬೇರೆಯವರ ಜಮೀನಿನಲ್ಲೂ ಜವಾಬ್ದಾರಿಯಿಂದ ನಡೆಯುವ, ಟೆಂಟ್ ಹಾಕುವ ಹಕ್ಕು ಇದೆ. ಮೋಟಾರ್ ಗಾಡಿಗೆ ಆ ಹಕ್ಕು ಇಲ್ಲ. ಬಹಳ ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಫ್ರಾನ್ಸಿನಲ್ಲಿ ಎಷ್ಟೋ ಚಿಕ್ಕ ಊರುಗಳು ತಾವೇ ಒಂದು ಜಾಗ ಗುರುತು ಮಾಡಿ, ನೀರಿನ ನಲ್ಲಿ, ಡಬ್ಬಿ ಖಾಲಿ ಮಾಡುವ ಗುಂಡಿ ಕಟ್ಟಿಸಿವೆ ಅಂತಲೂ ಹೇಳಿದ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ನೀತಿ ತಂದಾಗ ಗಾಡಿಗಳ ಜೊತೆ ಅವು ನಿಲ್ಲುವ ಪಾರ್ಕುಗಳನ್ನೂ ಸೇರಿಸಿತ್ತು ಅನ್ನುವುದು ಆಗ ನೆನಪಾಯಿತು. ಆ ರಾತ್ರಿ ನಮಗೆ ಬೇಕಿದ್ದದ್ದು ಅಷ್ಟೇ. ಒಂದು ಗುಂಡಿ, ಒಂದು ನಲ್ಲಿ, ಊರಿನವರು ತಾವೇ ತೋರಿಸಿದ ಒಂದು ಜಾಗ.

ನಾಲ್ಕನೇ ದಿನ: ಹೊಲ

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಸೇಡಂ ಸೀಮೆಯ ರಸ್ತೆಗಳಲ್ಲಿ ಎಲ್ಲಾ ಗಾಡಿಗಳೂ ಹೊಲದ ಕಡೆಗೇ. ಟ್ರ್ಯಾಕ್ಟರ್, ಬೈಕು, ಆಟೋ, ಅಲ್ಲೊಂದು ಇಲ್ಲೊಂದು ಎತ್ತಿನ ಬಂಡಿ. ತಲೆ ಮೇಲೆ ಬುಟ್ಟಿ, ಬುಟ್ಟಿ ಮೇಲೆ ಬಿಳಿ ಬಟ್ಟೆ. ಅತ್ತೆ ತಮ್ಮನ ಮನೆಯವರೆಲ್ಲಾ ಆಗಲೇ ಹೊಲ ಸೇರಿದ್ದರು. ಎದೆಯೆತ್ತರ ಬಿಳಿಜೋಳ, ಪಕ್ಕದಲ್ಲಿ ಕಡಲೆ. ಅತ್ತೆ ಬದುವಿನ ಮೇಲೆ ನಿಂತು ಬಹಳ ಹೊತ್ತು ಸುಮ್ನೆ ನೋಡಿದರು.

ಐದು ಕಲ್ಲುಗಳನ್ನು ಪಾಂಡವರು ಅಂತ ಇಟ್ಟು ಪೂಜೆ. ಆಮೇಲೆ ಚರಗ, ಅಂದರೆ ಭೂಮಿತಾಯಿಗೆ ಎಡೆ. ಸೋದರಮಾವ ಬುಟ್ಟಿ ಹಿಡಿದು ಬೆಳೆಯೊಳಗೆ ಚರಗ ಚೆಲ್ಲುತ್ತಾ ಹೋದರು, ಮಗ ನೀರಿನ ತಂಬಿಗೆ ಹಿಡಿದು ಹಿಂದೆ. ಭೂಮಿ ಉಂಡ ಮೇಲೆ ನಮ್ಮ ಊಟ. ಭಜ್ಜಿ! ಹಸಿ ತೊಗರಿಕಾಳು, ಅವರೆ, ಕಡಲೆ, ಸೊಪ್ಪು, ಗಜ್ಜರಿ, ಎಲ್ಲಾ ಸೇರಿಸಿ ಹಿಟ್ಟು, ಮಜ್ಜಿಗೆ ಹಾಕಿ ಕುದಿಸಿದ್ದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಶೇಂಗಾ ಹೋಳಿಗೆ, ಅಂಬಲಿ. ನಾನು ಮೂರು ಸಲ ಭಜ್ಜಿ ಹಾಕಿಸಿಕೊಂಡೆ. ರಸ್ತೆಯಲ್ಲಿ ಹೋಗುತ್ತಿದ್ದ ಗುರುತಿಲ್ಲದ ಇಬ್ಬರು ಬೈಕಿನವರನ್ನೂ ಕೂಗಿ ಕರೆದು ಉಣ್ಣಿಸಿದರು. ಆ ದಿನ ಯಾರ ಹೊಲಕ್ಕೆ ಯಾರು ಬಂದರೂ ಊಟ ಇದೆ. ನಿನ್ನೆ ರಾತ್ರಿ ಬೇಡ ಅಂದದ್ದೂ ಇಂಥ ಜನರೇ.

ಸೋದರಮಾವನ ಮಗ ನಮ್ಮ ಗಾಡಿಯ ಸುತ್ತ ಎರಡು ಸುತ್ತು ಬಂದ. ಒಳಗೆ ಹತ್ತಿ ಇಳಿದ. “ಅಕ್ಕಾ, ರಸ್ತಿ ಮಗ್ಗಲ ನಾಲ್ಕು ಗುಂಟೆ ಬಿಟ್ಟು, ಇಂಥ ಗಾಡಿಗೆ ಜಾಗ ಮಾಡಿದ್ರ ಹ್ಯಾಂಗ? ತೊಗರಿ ನೆಚ್ಚಿಕೊಂಡು ಸಾಕಾಗ್ಯದ. ಒಂದ್ ವರ್ಷ ಬೆಳಿ ಬಂದ್ರ ಇನ್ನೊಂದ್ ವರ್ಷ ನೆಟಿ ರೋಗ. ಬೋರ್ ಅದ, ಸಂಡಾಸ ಕಟ್ಟಸ್ತೀನಿ, ಅವ್ವ ರೊಟ್ಟಿ ಬಡೀತಾಳ.”

“ಅವ್ವ ಬಡಿಯಂಗಿಲ್ಲ” ಅಂದರು ಅವನ ತಾಯಿ ಅಲ್ಲಿಂದಲೇ. “ಯಾರ್ಯಾರೋ ಬಂದು ರಾತ್ರಿ ಮಲಗಿದ್ರ ನಸುಕಿನ್ಯಾಗ ಕಳೆ ತೆಗಿಲಾಕ ಆಳು ಹೆಣ್ಮಕ್ಕಳು ಬರ್ತಾರೇನು? ಅವರನ್ನ ಕೇಳಿಯೇನು ಮೊದಲ?”

“ಪಂಚಾಯತಿಗೆ ಕೇಳ್ತೀನಿ.”

“ಪಂಚಾಯತಿ ಆಮ್ಯಾಲ. ಮೊದಲ ಅವರನ್ನ ಕೇಳು.”

ಅವನು ನನ್ನ ಮುಖ ನೋಡಿದ. ನಿನ್ನೆ ರಾತ್ರಿಯದನ್ನು ಹೇಳಿದೆ, ಹಳ್ಳದ ನೀಲಿ ನೀರನ್ನೂ ಹೇಳಿದೆ. ಮಾಡುವುದಾದರೆ ಗುಂಡಿ ಬಾವಿಯಿಂದ ದೂರ ಇರಲಿ, ಜಾಗ ಊರ ಹೆಣ್ಣುಮಕ್ಕಳು ಓಡಾಡುವ ದಾರಿಯಲ್ಲಿ ಬೇಡ ಅಂದೆ. ಅವನ ಆಸೆಯೂ ಸುಳ್ಳಲ್ಲ, ತಾಯಿಯ ಮಾತೂ ಸುಳ್ಳಲ್ಲ. ಊಟದ ಮೇಲೂ ಅವರ ವಾದ ನಡೆದೇ ಇತ್ತು. ನಾವು ಹೊರಡುವಾಗ ಅವನು ಹೆಜ್ಜೆಯಲ್ಲಿ ನಾಲ್ಕು ಗುಂಟೆ ಅಳೆಯುತ್ತಿದ್ದ.

ತಾಯಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಭಜ್ಜಿ ಕಟ್ಟಿಕೊಟ್ಟು ಗಾಡಿಯ ಹತ್ತಿರ ಬಂದರು. “ಆ ಡಬ್ಬಿ ಇನ್ನ ತುಂಬೇ ಅದ ಏನು? ಎಲ್ಲಿ ಚೆಲ್ತೀರಿ?” ಅಂತ ಮೆಲ್ಲಗೆ ಕೇಳಿದರು. ಮನೆಗೇ ಒಯ್ಯುತ್ತೇವೆ ಅಂದೆ. ತಲೆಯಾಡಿಸಿ ನನ್ನ ಹಣೆಗೆ ಕುಂಕುಮ ಹಚ್ಚಿದರು.

ಮತ್ತೆ ಯಾದಗಿರಿ, ಶಹಾಪುರ. ಕತ್ತಲಲ್ಲಿ ಬುದ್ಧ ಕಾಣಲಿಲ್ಲ. ಎಲ್ಲೂ ಮಲಗದೆ, ನಡುನಡುವೆ ಚಹಾ ಕುಡಿಯುತ್ತಾ ಓಡಿದೆವು. ದಾವಣಗೆರೆ ಮುಟ್ಟಿದಾಗ ಬೆಳಗಿನ ಜಾವ ಮೂರು ಗಂಟೆ. ನಮ್ಮವರು ನಿದ್ದೆಗಣ್ಣಲ್ಲೇ ಡಬ್ಬಿ ಹೊತ್ತು ಹಿತ್ತಲ ಟಾಯ್ಲೆಟ್ಟಿಗೆ ಹೋದರು. ನೀಲಿ ಬಾಟಲಿಯ ಮುಚ್ಚಳ ನಾವು ಬಿಚ್ಚಿರಲೇ ಇಲ್ಲ, ವಾಸನೆ ಜೋರಾಗಿಯೇ ಇತ್ತು. ಅತ್ತೆ ಮಲಗಲು ಹೋಗದೆ ನಲ್ಲಿ ತಿರುಗಿಸಿ ಬಕೆಟ್ ತುಂಬಿಸುತ್ತಾ ನಿಂತಿದ್ದರು.